ಸಿಂಗಪುರದ ಕೋವಿಡ್ ಕಾಲದ ಪ್ರವೇಶ ನಿಯಮ: ಒಳಗೆ ಬರಲಾಗದವರ ಜೊತೆಗೆ, ಊರಿಗೆ ಹೊರಡಲಾಗದವರ ಲೆಕ್ಕವನ್ನೂ ಇಡೋಣ

ತುಂಗಾತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯವನು. ಸಿಂಗಪುರದ ಕಟ್ಟಡ ಸೈಟುಗಳಲ್ಲಿ ಸೇಫ್ಟಿ ಸೂಪರ್‌ವೈಸರ್ ಆಗಿ ಹನ್ನೊಂದು ವರ್ಷ ದುಡಿದು ಈಗ ಊರಲ್ಲಿದ್ದೇನೆ. ಕೋವಿಡ್ ಕಾಲದ ಗಡಿ ನಿಯಮಗಳ ಬಗ್ಗೆ ಎಲ್ಲಿ ಮಾತು ಬಂದರೂ, ಕೆಲಸಕ್ಕೆ ಹೋಗಬೇಕಿದ್ದವರು ವಿಮಾನ ಹತ್ತಲಾಗದೆ ಉಳಿದ ಕಥೆಯೇ ಮೊದಲು ಬರುತ್ತದೆ. ಅದು ನಿಜ, ನಷ್ಟವೂ ದೊಡ್ಡದು. ಆದರೆ ಅದೇ ನಿಯಮದ ಭಾರವನ್ನು ಹೊತ್ತ ಇನ್ನೊಂದು ಗುಂಪಿದೆ: ಆಗಲೇ ಒಳಗಿದ್ದು, ಒಮ್ಮೆ ಹೊರಟರೆ ಮತ್ತೆ ಬರಲು ಅನುಮತಿ ಸಿಗುತ್ತದೋ ಇಲ್ಲವೋ ಎಂಬ ಭಯದಿಂದ ಎರಡು ವರ್ಷ, ಕೆಲವರು ಮೂರು ವರ್ಷ, ಮನೆಯವರ ಮುಖ ನೋಡದೆ ಉಳಿದವರು. ಅವರ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಅಲ್ಲಿ ಕಟ್ಟಡ ನಿರ್ಮಾಣ, ಶಿಪ್‌ಯಾರ್ಡ್, ಹಾಗೂ ತೈಲ ಮತ್ತು ರಾಸಾಯನಿಕ ಸ್ಥಾವರಗಳ ಕೆಲಸ, ಈ ಮೂರನ್ನೂ ಒಟ್ಟಿಗೆ ಸೇರಿಸಿ ‘ಸಿಎಂಪಿ’ ವಲಯ ಎನ್ನುತ್ತಾರೆ. ಈ ವಲಯದ ವರ್ಕ್ ಪರ್ಮಿಟ್‌ನವರು ಹೆಚ್ಚಾಗಿ ಬಾಂಗ್ಲಾದೇಶ, ತಮಿಳುನಾಡು, ಆಂಧ್ರ, ಚೀನಾ ಮತ್ತು ಮ್ಯಾನ್ಮಾರ್‌ನವರು. ನಮ್ಮ ರಾಜ್ಯದವರು ಕಡಿಮೆ. 2020ರಲ್ಲಿ ಅಂದಾಜು 3,23,000 ಕಾರ್ಮಿಕರು ಡಾರ್ಮಿಟರಿಗಳಲ್ಲಿ, ಅಂದರೆ ಅವರಿಗೆಂದೇ ಇರುವ ಸಾಮೂಹಿಕ ವಸತಿಗೃಹಗಳಲ್ಲಿ ಇದ್ದರು. ಆ ವರ್ಷದ ಏಪ್ರಿಲ್ 5ರಂದು ಪುಂಗೋಲ್‌ನ ಒಂದು ಮತ್ತು ತೋ ಗುವಾನ್‌ನ ಒಂದು ಡಾರ್ಮಿಟರಿಯನ್ನು ಪ್ರತ್ಯೇಕ ವಲಯವೆಂದು ಘೋಷಿಸಿದರು. ಕೆಲವೇ ದಿನಗಳಲ್ಲಿ ಉಳಿದವೂ ಒಂದೊಂದಾಗಿ ಮುಚ್ಚಿದವು. ಡಿಸೆಂಬರ್ ಹೊತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕದಂತೆ ಡಾರ್ಮಿಟರಿ ವಾಸಿಗಳಲ್ಲಿ ಶೇ 47ರಷ್ಟು ಜನರಿಗೆ ಸೋಂಕು ತಗುಲಿ ಹೋಗಿತ್ತು.

ಇಲ್ಲಿಂದ ಮುಂದಿನದೇ ನನ್ನ ವಿಷಯ. ವರ್ಕ್ ಪರ್ಮಿಟ್ ಚಾಲ್ತಿಯಲ್ಲಿದ್ದವರು ಕೂಡ ರಜೆಗೆ ಊರಿಗೆ ಹೋದರೆ, ಮರಳುವ ಮುನ್ನ ಮಾಲೀಕರ ಮೂಲಕ ಮಾನವಶಕ್ತಿ ಸಚಿವಾಲಯದ ‘ಎಂಟ್ರಿ ಅಪ್ರೂವಲ್’ ಪಡೆಯಬೇಕೆಂಬ ನಿಯಮ ಬಂತು. ಹೊರಡುವುದನ್ನು ಯಾರೂ ತಡೆಯಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಮರಳುವ ದಾರಿಗೆ ಖಾತರಿ ಇಲ್ಲದಿದ್ದಾಗ, ಏಜೆಂಟರಿಗೆ ಕೊಟ್ಟ ಹಣದ ಸಾಲ ಇನ್ನೂ ತೀರದ ಮನುಷ್ಯನಿಗೆ ಹೊರಡುವ ಸ್ವಾತಂತ್ರ್ಯ ಇದ್ದೂ ಇಲ್ಲದ ಹಾಗೆ.

ನಮ್ಮ ಸೈಟಿನಲ್ಲಿ ಪುದುಕ್ಕೋಟ್ಟೈ ಕಡೆಯ ಒಬ್ಬ ಬಾರ್ ಬೆಂಡರ್ (ಕಟ್ಟಡದ ಕಬ್ಬಿಣ ಬಾಗಿಸುವವರು) ಇದ್ದರು. 2020ರ ಏಪ್ರಿಲ್ ತಿಂಗಳ ರಜೆಗೆಂದು ಮಾರ್ಚ್‌ನಲ್ಲೇ ಒಂದು ರಟ್ಟಿನ ಪೆಟ್ಟಿಗೆ ಕಟ್ಟಿಟ್ಟಿದ್ದರು. ಅದರೊಳಗೆ ತಲೆನೋವು, ನೆಗಡಿಗೆ ಹಚ್ಚುವ ಕೊಡಲಿ ಗುರುತಿನ ಎಣ್ಣೆಯ ಒಂದು ಡಜನ್ ಸೀಸೆ, ಮಗಳಿಗೆ ಬಣ್ಣದ ಪೆನ್ಸಿಲ್ಲು, ಚಾಕೊಲೇಟು, ತಂದೆಗೆ ಒಂದು ಟಾರ್ಚು. ಮೇಲೆ ನೀಲಿ ಹಗ್ಗ ಬಿಗಿದು, ದಪ್ಪ ಮಾರ್ಕರ್‌ನಲ್ಲಿ ಹೆಸರು ಮತ್ತು ಊರು ಬರೆದಿದ್ದರು. ಡಾರ್ಮಿಟರಿಯ ಮಂಚದ ಕೆಳಗೆ ಆ ಪೆಟ್ಟಿಗೆ 2022ರವರೆಗೆ ಇತ್ತು. ತೇವಕ್ಕೆ ತಳ ಮೆತ್ತಗಾದಾಗ ಸೈಟಿನಿಂದ ಪ್ಲೈವುಡ್ ತುಂಡೊಂದನ್ನು ಕೇಳಿ ತೆಗೆದುಕೊಂಡು ಹೋಗಿ ಅಡಿಗೆ ಕೊಟ್ಟರು. ಪ್ರತಿ ಸಲ ಪ್ರವೇಶ ನಿಯಮ ಬದಲಾಯಿತೆಂದು ಸುದ್ದಿ ಬಂದಾಗ ಅವರು ನನ್ನ ಬಳಿ ಬಂದು ಕೇಳುತ್ತಿದ್ದದ್ದು ಒಂದೇ ಮಾತು: "ಸಾರ್, ಈಗ ಹೋದರೆ ತಿರುಗಿ ಬಿಡುತ್ತಾರಾ?" ಹೌದು ಎಂದು ಹೇಳುವ ಧೈರ್ಯ ನನಗೆ ಎರಡು ವರ್ಷ ಬರಲಿಲ್ಲ.

ಆ ಕಾಲದಲ್ಲಿ ಅಲ್ಲಿದ್ದವರು, ಅಥವಾ ಇಲ್ಲಿ ಸಿಕ್ಕಿಹಾಕಿಕೊಂಡಿದ್ದವರು, ದಯವಿಟ್ಟು ನಿಮ್ಮ ಅನುಭವ ಬರೆಯಿರಿ. ಊರಿಗೆ ಹೊರಟ ತಿಂಗಳು, ಮರಳಿದ ತಿಂಗಳು, ನಡುವೆ ಕಳೆದುಕೊಂಡದ್ದು, ಇಷ್ಟಾದರೂ ಬರೆದಿಟ್ಟರೆ ಒಂದು ದಾಖಲೆಯಾದೀತು.

ಕಾಳಿನದಿ_ಫಿಟ್ಟರ್

ತುಂಗಾತೀರ ಅವರೇ, ನೀವು ಕೇಳಿದ್ದರಲ್ಲಿ ನಾನು ಎರಡನೆಯ ಗುಂಪಿನವನು. ಊರು ಕಾರವಾರದ ಹತ್ತಿರ. ತುವಾಸ್ ಕಡೆಯ ಒಂದು ಶಿಪ್‌ಯಾರ್ಡ್‌ನಲ್ಲಿ ಉಪಗುತ್ತಿಗೆದಾರರ ಕೈಕೆಳಗೆ ಪೈಪ್ ಫಿಟ್ಟರ್ ಆಗಿದ್ದೆ. 2021ರ ಫೆಬ್ರವರಿಯಲ್ಲಿ ಅಮ್ಮನ ಕಾಯಿಲೆಯ ಕಾರಣ ಊರಿಗೆ ಬಂದೆ. ಮರಳಲು ಎಂಟ್ರಿ ಅಪ್ರೂವಲ್ ಸಿಕ್ಕಿತ್ತು, ಏಪ್ರಿಲ್ 27ಕ್ಕೆ ಟಿಕೆಟ್ಟೂ ಆಗಿತ್ತು. ಏಪ್ರಿಲ್ 22ರಂದು ಸಿಂಗಪುರದವರು ಪ್ರಕಟಣೆ ಹೊರಡಿಸಿದರು: 23ರ ರಾತ್ರಿ 11.59ರಿಂದ, ಹಿಂದಿನ 14 ದಿನಗಳಲ್ಲಿ ಭಾರತದಲ್ಲಿ ಇದ್ದ ಪಾಸ್‌ದಾರರಿಗೆ ಪ್ರವೇಶ ಇಲ್ಲ, ಅಪ್ರೂವಲ್ ಮೊದಲೇ ಸಿಕ್ಕಿದ್ದರೂ ಇಲ್ಲ. ನಾಲ್ಕು ದಿನದಲ್ಲಿ ನನ್ನದು ತಪ್ಪಿತು. ಮೇ 1ರ ರಾತ್ರಿಯಿಂದ ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನ, ಶ್ರೀಲಂಕಾಗಳಿಗೂ ಅದೇ ನಿಯಮ ಬಂದಾಗ, ಇದು ಬೇಗ ಮುಗಿಯುವ ಮಾತಲ್ಲ ಎಂದು ತಿಳಿಯಿತು.

ಜೂನ್‌ನಲ್ಲಿ ಉಪಗುತ್ತಿಗೆದಾರರು ನನ್ನ ಪರ್ಮಿಟ್ ರದ್ದು ಮಾಡಿದರು. ಫೋನಿನಲ್ಲಿ ಎರಡೇ ಮಾತಲ್ಲಿ ಹೇಳಿದರು. ನನ್ನ ಹೆಲ್ಮೆಟ್ಟು, ಬೂಟು, ಒಂದು ಸೂಟ್‌ಕೇಸ್ ಬಟ್ಟೆ, ಎಲ್ಲವೂ ಡಾರ್ಮಿಟರಿಯಲ್ಲೇ ಉಳಿದವು. ಹೋಗುವಾಗ ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಟ್ಟಿದ್ದೆ, ಅದರ ಬಡ್ಡಿ ಮಾತ್ರ ತಿಂಗಳು ತಪ್ಪದೆ ಬೆಳೆಯುತ್ತಿತ್ತು. ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಪೈಪು ಕೆಲಸ ಸಿಕ್ಕಷ್ಟು ಮಾಡಿದೆ.

ಲಸಿಕೆಯ ವಿಷಯದಲ್ಲಿ ಇನ್ನೊಂದು ಪೆಟ್ಟು ಬಿತ್ತು. ವಯಸ್ಸು 45 ದಾಟಿದ್ದರಿಂದ ಮೇ ತಿಂಗಳಲ್ಲೇ ನಮ್ಮ ಆಸ್ಪತ್ರೆಯಲ್ಲಿ ಆ ದಿನ ಇದ್ದ ಲಸಿಕೆ ಹಾಕಿಸಿಕೊಂಡೆ, ಅದು ಕೊವ್ಯಾಕ್ಸಿನ್. ಯಾವುದು ಬಂದಿದೆ ಎಂದು ಕೇಳಿ ಆರಿಸುವ ಸ್ಥಿತಿ ಆಗ ಯಾರಿಗೂ ಇರಲಿಲ್ಲ. ಜೂನ್ 7ರಂದು ಕೇಂದ್ರ ಸರ್ಕಾರ, ವಿದೇಶಕ್ಕೆ ಓದಲು ಅಥವಾ ಕೆಲಸಕ್ಕೆ ಹೋಗುವವರಿಗೆ ಕೋವಿಶೀಲ್ಡ್ ಎರಡನೇ ಡೋಸನ್ನು 28 ದಿನಕ್ಕೇ ಕೊಡಬಹುದು, ಪಾಸ್‌ಪೋರ್ಟ್ ಸಂಖ್ಯೆಯನ್ನು ಪ್ರಮಾಣಪತ್ರಕ್ಕೆ ಸೇರಿಸಬಹುದು ಎಂದು ಅನುಕೂಲ ಮಾಡಿಕೊಟ್ಟಿತು. ಕೊವ್ಯಾಕ್ಸಿನ್ ಹಾಕಿಸಿಕೊಂಡ ನಮಗೆ ಅದರಿಂದ ಏನೂ ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತುರ್ತು ಬಳಕೆಯ ಲಸಿಕೆಗಳ ಪಟ್ಟಿಗೆ ಸೇರಿಸಿದ್ದು ನವೆಂಬರ್ 3ರಂದು. ಸಿಂಗಪುರ ನವೆಂಬರ್ 1ರಿಂದ ವರ್ಕ್ ಪಾಸ್‌ನವರಿಗೆ ಪೂರ್ಣ ಲಸಿಕೆಯನ್ನು ಪ್ರವೇಶದ ಷರತ್ತನ್ನಾಗಿ ಮಾಡಿತ್ತು. ಎರಡು ಡೋಸು ಪಡೆದ ದೇಹ ನನ್ನದೇ ಆಗಿದ್ದರೂ ಕಾಗದದ ಮೇಲೆ ನಾನು ಲಸಿಕೆ ಇಲ್ಲದವನಾಗಿದ್ದೆ.

ಮಂಚದಲೆಕ್ಕ

ಇಬ್ಬರ ಬರಹವನ್ನೂ ಓದಿದೆ. ಕಾಳಿನದಿ ಅವರಿಗೆ ಆದದ್ದು ಆಗಬಾರದಿತ್ತು. ಆದರೂ ಆ ವರ್ಷಗಳಲ್ಲಿ ಅಲ್ಲಿನ ಒಂದು ಕಟ್ಟಡ ಕಂಪನಿಯ ಮಾನವ ಸಂಪನ್ಮೂಲ ವಿಭಾಗದಲ್ಲಿ ಕುಳಿತು ಈ ಅಪ್ರೂವಲ್ ಅರ್ಜಿಗಳನ್ನು ತುಂಬುತ್ತಿದ್ದವನಾಗಿ, ಇನ್ನೊಂದು ಬದಿಯನ್ನು ಹೇಳಬೇಕೆನಿಸುತ್ತದೆ.

ಪ್ರವೇಶ ನಿಯಮವನ್ನು ನಾವು ಪಾಸ್‌ಪೋರ್ಟಿನ ಪ್ರಶ್ನೆ ಎಂದು ತಿಳಿಯುತ್ತೇವೆ. ಸಿಎಂಪಿ ವಲಯದ ಮಟ್ಟಿಗೆ ಅದು ಮಂಚದ ಪ್ರಶ್ನೆಯಾಗಿತ್ತು. ಒಬ್ಬ ಕಾರ್ಮಿಕನನ್ನು ಕರೆಸಬೇಕಾದರೆ ಅವನನ್ನು ಮೊದಲು ಎಲ್ಲಿ ಪ್ರತ್ಯೇಕವಾಗಿ ಇರಿಸುವುದು, ಅವಧಿ ಮುಗಿದ ಮೇಲೆ ಯಾವ ಡಾರ್ಮಿಟರಿಯ ಯಾವ ಕೋಣೆಗೆ ಕಳಿಸುವುದು, ಆ ಕೋಣೆಯಲ್ಲಿ ಸೋಂಕು ಬಂದರೆ ಉಳಿದವರನ್ನು ಎಲ್ಲಿಗೆ ಸಾಗಿಸುವುದು, ಇಷ್ಟಕ್ಕೂ ಉತ್ತರ ಇರಬೇಕಿತ್ತು. ಹೋಟೆಲ್ ಕ್ವಾರಂಟೈನ್‌ಗೆ 14 ದಿನಕ್ಕೆ 2,000 ಸಿಂಗಪುರ ಡಾಲರ್, ಪರೀಕ್ಷೆಗೆ 200 ಡಾಲರ್ ಎಂದು 2020ರ ಜೂನ್‌ನಲ್ಲಿ ನಿಗದಿಯಾಗಿತ್ತು. 2021ರ ಮೇ ತಿಂಗಳಲ್ಲಿ ಹೆಚ್ಚು ಅಪಾಯದ ದೇಶಗಳಿಂದ ಬರುವವರಿಗೆ 14 ದಿನ 21 ಆಯಿತು. ವರ್ಕ್ ಪರ್ಮಿಟ್‌ನವರ ಪೋಷಣೆಯ ಹೊಣೆ ಕಾನೂನಿನಂತೆ ಮಾಲೀಕರದ್ದೇ. ಮಲೇಷ್ಯಾದವರಲ್ಲದ ಪ್ರತಿ ಕಾರ್ಮಿಕನಿಗೆ 5,000 ಡಾಲರಿನ ಭದ್ರತಾ ಬಾಂಡ್ ಬೇರೆ. ಸಣ್ಣ ಕಂಪನಿಗಳ ಉಸಿರು ಕಟ್ಟಿತು.

ಕಾರ್ಮಿಕರು ಬೇಡವೆಂದು ಯಾರೂ ಬಾಗಿಲು ಹಾಕಲಿಲ್ಲ ಎಂಬುದನ್ನೂ ನೆನಪಿಡಬೇಕು. ಸಿಎಂಪಿ ವಲಯದಲ್ಲಿ 2019ರ ಕೊನೆಗೆ 3,70,000 ಇದ್ದ ವರ್ಕ್ ಪರ್ಮಿಟ್‌ಗಳು ಒಂದೇ ವರ್ಷದಲ್ಲಿ ಸುಮಾರು 3,11,000ಕ್ಕೆ ಇಳಿದವು. ಎಚ್‌ಡಿಬಿ (ಅಲ್ಲಿನ ಸರ್ಕಾರಿ ವಸತಿ ಮಂಡಳಿ) ಮನೆಗಳಿಗಾಗಿ ಕಾದಿದ್ದ ಕುಟುಂಬಗಳು ತಿಂಗಳುಗಟ್ಟಲೆ ಹೆಚ್ಚು ಕಾದವು. 2021ರ ಮಧ್ಯದಲ್ಲಿ ಕಟ್ಟಡ ಗುತ್ತಿಗೆದಾರರ ಸಂಘ, ಶಿಪ್‌ಯಾರ್ಡ್ ಉದ್ಯಮದ ಸಂಘ ಮತ್ತು ಸ್ಥಾವರ ಉದ್ಯಮದ ಸಂಘಗಳು ಸೇರಿ, ಭಾರತದಲ್ಲೇ ಕಾರ್ಮಿಕರನ್ನು ಎರಡು ವಾರ ಪ್ರತ್ಯೇಕವಾಗಿ ಇರಿಸಿ, ಹಲವು ಸಲ ಪರೀಕ್ಷಿಸಿ, ನಂತರ ಕರೆತರುವ ಪ್ರಾಯೋಗಿಕ ವ್ಯವಸ್ಥೆಯನ್ನು ಶುರುಮಾಡಿದವು. ಶೇ 47ರ ಅನುಭವ ಆದ ಮೇಲೆ ಯಾವ ಸರ್ಕಾರ ತಾನೇ ಧಾರಾಳವಾಗಿ ಗೇಟು ತೆರೆದೀತು?

ಪಡುಬಿದ್ರಿ_ವೈದ್ಯೆ

ಮಂಚದಲೆಕ್ಕ ಅವರೇ, ಪ್ರಶ್ನೆ ಮಂಚದ್ದು ಎಂಬ ನಿಮ್ಮ ಮಾತು ಸರಿ. ಸಾರ್ವಜನಿಕ ಆರೋಗ್ಯದಲ್ಲಿ ಕೆಲಸ ಮಾಡಿದವಳಾಗಿ ನಾನು ಅದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯುತ್ತೇನೆ. ಸೋಂಕು ಡಾರ್ಮಿಟರಿಗಳಲ್ಲಿ ಹಾಗೆ ಹಬ್ಬಿದ್ದು ಅಲ್ಲಿದ್ದವರ ದೇಶದಿಂದಲ್ಲ, ಅವರ ಅಭ್ಯಾಸದಿಂದಲೂ ಅಲ್ಲ. ಒಂದೇ ಕೋಣೆಯಲ್ಲಿ ಹನ್ನೆರಡು, ಹದಿನಾರು ಜನ ಮೇಲೊಂದು ಕೆಳಗೊಂದು ಮಂಚಗಳಲ್ಲಿ ಮಲಗಿ, ಒಂದು ಶೌಚಾಲಯವನ್ನು ಹದಿನೈದು ಜನ ಹಂಚಿಕೊಳ್ಳುವಂಥ ವ್ಯವಸ್ಥೆಯಲ್ಲಿ ಬೇರೇನೂ ಆಗಲು ಸಾಧ್ಯವಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಹೊಸ ಡಾರ್ಮಿಟರಿಗಳಿಗೆ ಕೋಣೆಗೆ ಹೆಚ್ಚೆಂದರೆ 12 ಜನ, ಆರು ಮಂಚಕ್ಕೊಂದು ಶೌಚಾಲಯ, ತಲೆಗೆ ಕನಿಷ್ಠ 4.2 ಚದರ ಮೀಟರ್ ವಾಸದ ಜಾಗ ಎಂದು ಮಾನದಂಡ ತಂದದ್ದು ಅದನ್ನೇ ಒಪ್ಪಿದ ಹಾಗೆ. ಅಂದರೆ ಇಕ್ಕಟ್ಟನ್ನು ಮಾಡಿದ್ದು ಕಟ್ಟಡ, ಅದರ ದಂಡವನ್ನು ಕಟ್ಟಿದ್ದು ಮಲಗಿದವನು.

2021ರ ಏಪ್ರಿಲ್‌ನ ತೀರ್ಮಾನದ ಬಗ್ಗೆ ನಾನು ಕಠಿಣವಾಗಿ ಮಾತಾಡಲಾರೆ. ಆ ವಾರ ನಮ್ಮ ವಾರ್ಡುಗಳಲ್ಲಿ ಆಮ್ಲಜನಕದ ಸಿಲಿಂಡರು ಎಣಿಸುತ್ತಿದ್ದೆವು. ವುಡ್‌ಲ್ಯಾಂಡ್ಸ್‌ನ ಒಂದು ಡಾರ್ಮಿಟರಿಯಲ್ಲಿ, ಒಮ್ಮೆ ಸೋಂಕಿನಿಂದ ಚೇತರಿಸಿಕೊಂಡವರ ಪರೀಕ್ಷೆಯೂ ಮತ್ತೆ ಪಾಸಿಟಿವ್ ಬಂದಿತ್ತು. ಚೇತರಿಸಿಕೊಂಡವರ ಮೂಗಿನಲ್ಲಿ ವೈರಸ್ಸಿನ ತುಣುಕುಗಳು ವಾರಗಟ್ಟಲೆ ಉಳಿಯುತ್ತವೆ. ಅದು ಹಳೆಯದೋ ಹೊಸದೋ ಎಂದು ಪಿಸಿಆರ್ ಪರೀಕ್ಷೆ ಒಂದರಿಂದಲೇ ಹೇಳಲಾಗದು. ಹೊಸ ರೂಪಾಂತರಿಯ ಸ್ವಭಾವ ತಿಳಿಯದ ಆ ಹೊತ್ತಿನಲ್ಲಿ ಕೆಲವು ವಾರ ಬಾಗಿಲು ಮುಚ್ಚಿದ್ದನ್ನು ವೈದ್ಯಕೀಯವಾಗಿ ಸಮರ್ಥಿಸಬಹುದು.

ಸಮರ್ಥಿಸಲು ಕಷ್ಟವಾಗುವುದು ನಂತರದ್ದು. ಆ ಸೆಪ್ಟೆಂಬರ್ ಹೊತ್ತಿಗೆ ಡಾರ್ಮಿಟರಿ ವಾಸಿಗಳಲ್ಲಿ ಶೇ 90ಕ್ಕಿಂತ ಹೆಚ್ಚು ಜನ ಪೂರ್ಣ ಲಸಿಕೆ ಪಡೆದಿದ್ದರು, ಎರಡು ವಾರಕ್ಕೊಮ್ಮೆ ಸ್ವಾಬ್ ಕೊಡುತ್ತಲೂ ಇದ್ದರು. ಆದರೂ ಸೆಪ್ಟೆಂಬರ್ 13ರಂದು ಶುರುವಾದ ಪ್ರಯೋಗದಲ್ಲಿ ಡಾರ್ಮಿಟರಿ ಬಿಟ್ಟು ನಗರದೊಳಗೆ ಹೋಗಲು ಅವಕಾಶವಿದ್ದದ್ದು ವಾರಕ್ಕೆ 500 ಜನರಿಗೆ ಮಾತ್ರ, ಅದೂ ಲಿಟಲ್ ಇಂಡಿಯಾ ಮತ್ತು ಗೇಲಾಂಗ್ ಸೆರಾಯ್ ಎಂಬ ಎರಡು ಬಡಾವಣೆಗಳಿಗೆ. ಅದೇ ನಗರದಲ್ಲಿ ಅದೇ ಲಸಿಕೆ ಪಡೆದ ಉಳಿದವರು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಇದನ್ನು ವೈರಸ್ಸಿನ ಹೆಸರಿನಲ್ಲಿ ವಿವರಿಸಲು ನನಗೆ ಆಗುವುದಿಲ್ಲ.

ಭಟ್ಕಳ_ಗಲ್ಫ್

ವಿಷಯ ಸಿಂಗಪುರದ್ದಾದರೂ, ನಮ್ಮ ಕರಾವಳಿಯ ಹೆಚ್ಚಿನವರು ದುಡಿಯುವುದು ಗಲ್ಫಿನಲ್ಲಿ ಆದ್ದರಿಂದ ಒಂದೆರಡು ಮಾತು. ಸೌದಿ 2021ರ ಫೆಬ್ರವರಿಯಲ್ಲೇ ಭಾರತದಿಂದ ನೇರ ಪ್ರವೇಶ ನಿಲ್ಲಿಸಿತು. ನಮ್ಮವರು ನೇಪಾಳ, ಮಾಲ್ಡೀವ್ಸ್‌ಗಳಲ್ಲಿ 14 ದಿನ ತಂಗಿ ಸುತ್ತು ಹಾಕಿ ಹೋಗುತ್ತಿದ್ದರು, ಏಪ್ರಿಲ್ ಕೊನೆಗೆ ನೇಪಾಳದ ದಾರಿಯೂ ಮುಚ್ಚಿತು. ಯುಎಇ ಏಪ್ರಿಲ್ 24ರ ರಾತ್ರಿ ನಿಲ್ಲಿಸಿ, ಆಗಸ್ಟ್ 5ರಿಂದ ಕೆಲವು ವರ್ಗದವರಿಗೆ ತೆರೆಯಿತು, ಆದರೆ ವಿಮಾನ ಹತ್ತುವ ನಿಲ್ದಾಣದಲ್ಲೇ ಕ್ಷಿಪ್ರ ಪಿಸಿಆರ್ ಆಗಬೇಕೆಂದಿತು. ಮಂಗಳೂರಿನಲ್ಲಿ ಆ ವ್ಯವಸ್ಥೆ ಬರುವವರೆಗೆ ನನ್ನ ತಮ್ಮ ಬೇರೆ ರಾಜ್ಯದ ವಿಮಾನ ನಿಲ್ದಾಣ ಹುಡುಕಬೇಕಾಯಿತು. ಒಂದು ವ್ಯತ್ಯಾಸ ಹೇಳುತ್ತೇನೆ: ನಮಗೆ ಸುತ್ತು ದಾರಿ ಎಂಬುದೊಂದಾದರೂ ಇತ್ತು, ಹಣ ಸುರಿದರೆ ಹೋಗಬಹುದಿತ್ತು. ಸಿಂಗಪುರದಲ್ಲಿ ಮಾಲೀಕರ ಅರ್ಜಿ ಇಲ್ಲದೆ ಹಣವಿದ್ದರೂ ಆಗುತ್ತಿರಲಿಲ್ಲವೆಂದು ಮೇಲಿನ ಬರಹಗಳಿಂದ ತಿಳಿಯುತ್ತದೆ.

ತುಂಗಾತೀರ

ಭಟ್ಕಳದವರು ಸರಿಯಾಗಿ ಹೇಳಿದರು. ಅರ್ಜಿಯ ಕೀಲಿ ಮಾಲೀಕರ ಕೈಯಲ್ಲಿತ್ತು ಎಂಬುದೇ ನನ್ನ ಮಾತಿನ ತಿರುಳು.

ಮಂಚದಲೆಕ್ಕ ಅವರೇ, ನೀವು ಕೊಟ್ಟ ಅಂಕಿಗಳನ್ನು ನಾನು ಒಪ್ಪುತ್ತೇನೆ, ಆದರೆ ಅವುಗಳನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ಹೊರಗಿನಿಂದ ಜನ ಬರುವುದು ನಿಂತಾಗ ಒಳಗಿದ್ದವರ ಬೆಲೆ ಮಾಲೀಕರಿಗೆ ಏರಿತು. 2021ರ ಜುಲೈನಿಂದ ಡಿಸೆಂಬರ್‌ವರೆಗೆ ಅವಧಿ ಮುಗಿಯುವ ಸಿಎಂಪಿ ಪರ್ಮಿಟ್‌ಗಳನ್ನು, ಮಾಮೂಲಿ ಅರ್ಹತೆ ಇಲ್ಲದಿದ್ದರೂ ಎರಡು ವರ್ಷದವರೆಗೆ ನವೀಕರಿಸಬಹುದೆಂದು ಅನುಕೂಲ ಮಾಡಿದರು. ಕೆಲಸ ಹೋದವರನ್ನು ಊರಿಗೆ ಕಳಿಸುವ ಬದಲು ಅಲ್ಲೇ ಇನ್ನೊಬ್ಬ ಮಾಲೀಕರನ್ನು ಹುಡುಕಿಕೊಳ್ಳಲು ಸಂಘಗಳ ಮೂಲಕ ಅವಕಾಶ ಕೊಟ್ಟರು. ಎರಡೂ ಒಳ್ಳೆಯ ಕ್ರಮಗಳೇ, ಅವುಗಳಿಂದ ಎಷ್ಟೋ ಜನರ ಅನ್ನ ಉಳಿಯಿತು. ಆದರೆ ಎಲ್ಲ ಅನುಕೂಲಗಳೂ ಉಳಿಯುವವನ ಕಡೆಗಿದ್ದವು. ಒಂದು ತಿಂಗಳು ಊರಿಗೆ ಹೋಗಿ ಬರಬೇಕೆನ್ನುವವನಿಗೆ ‘ನಿನ್ನ ಮಂಚ ನಿನಗಾಗಿ ಇರುತ್ತದೆ, ಇಂಥ ತಾರೀಖಿನೊಳಗೆ ನಿನ್ನನ್ನು ಕರೆಸಿಕೊಳ್ಳುತ್ತೇವೆ’ ಎಂದು ಬರೆದುಕೊಡುವ ಒಂದೇ ಒಂದು ನಿಯಮ ಬರಲಿಲ್ಲ. ಕಟ್ಟಡದ ಕರಾರುಗಳಿಗೆ ಕಾನೂನು ತಂದು 122 ದಿನಗಳ ಹೆಚ್ಚುವರಿ ಅವಧಿ ಕೊಟ್ಟರು. ಕಬ್ಬಿಣ ಬಾಗಿಸುವವನ ಸಾಲಕ್ಕೆ, ಅವನ ಮಗಳ ಶಾಲೆಯ ಫೀಸಿಗೆ ಅಂಥ ಅವಧಿಯನ್ನು ಯಾರೂ ಕೊಡಲಿಲ್ಲ, ಕೊಡುವವರು ಸಿಂಗಪುರದಲ್ಲೂ ಇರಲಿಲ್ಲ, ಇಲ್ಲೂ ಇರಲಿಲ್ಲ.

ಮುಗಿದ ರೀತಿಯನ್ನೂ ನೋಡಿ. 2021ರ ಅಕ್ಟೋಬರ್ 26ರ ರಾತ್ರಿಯಿಂದ ಭಾರತದವರಿಗೆ 10 ದಿನದ ಕ್ವಾರಂಟೈನ್‌ನೊಂದಿಗೆ ಬಾಗಿಲು ತೆರೆಯಿತು. ನವೆಂಬರ್ 29ರಿಂದ ಚೆನ್ನೈ, ದೆಹಲಿ, ಮುಂಬೈಗಳಿಂದ ಲಸಿಕೆ ಪಡೆದವರಿಗೆ ಕ್ವಾರಂಟೈನ್ ಇಲ್ಲದ ವಿಮಾನಗಳು ಬಂದವು. 2022ರ ಏಪ್ರಿಲ್ 1ರಿಂದ ಲಸಿಕೆ ಪಡೆದ ಪ್ರವಾಸಿಗರು ಕೋವಿಡ್ ಪ್ರವೇಶಾನುಮತಿ ಇಲ್ಲದೆ ಬಂದಿಳಿಯಬಹುದಾಯಿತು. ಸಿಎಂಪಿ ವಲಯಕ್ಕೆ ಹೊಸದಾಗಿ ಬರುವ ಕಾರ್ಮಿಕರಿಗೆ ಎಂಟ್ರಿ ಅಪ್ರೂವಲ್ ತೆಗೆದದ್ದು ಮೇ 1ರಂದು, ಅದೂ ಬಂದವರನ್ನು ಮೊದಲು ಇರಿಸುವ ಆನ್‌ಬೋರ್ಡಿಂಗ್ ಕೇಂದ್ರದಲ್ಲಿ ಸ್ಥಳ ಕಾಯ್ದಿರಿಸುವ ಷರತ್ತನ್ನು ಉಳಿಸಿಕೊಂಡೇ. ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತವರಿಗೆ ಎರಡು ನಿಯಮ.

ಮಂಚದಲೆಕ್ಕ

ಮರಳುವ ದಿನಾಂಕದ ಖಾತರಿ ಕೊಡಬೇಕಿತ್ತು ಎಂಬ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ನಮ್ಮ ಕಚೇರಿಯಲ್ಲಿ ಅದನ್ನು ಯಾರೂ ಕೇಳಲೂ ಇಲ್ಲ, ನಾನೂ ಕೇಳಲಿಲ್ಲ. ರಜೆ ಕೇಳಲು ಬಂದವರಿಗೆ ‘ಈಗ ಹೋಗದಿದ್ದರೆ ಒಳ್ಳೆಯದು’ ಎಂದು ನಾನೇ ಎಷ್ಟೋ ಸಲ ಹೇಳಿ ಕಳಿಸಿದ್ದೇನೆ. ಅವರ ಒಳಿತಿಗೆ ಎಂದೇ ಹೇಳಿದ್ದೆ. ಅವರಲ್ಲಿ ಒಬ್ಬರ ತಾಯಿ ಆ ನಡುವೆಯೇ ತೀರಿಕೊಂಡರು.

ಆನ್‌ಬೋರ್ಡಿಂಗ್ ಕೇಂದ್ರಗಳ ಬಗ್ಗೆ ಮಾತ್ರ ಒಂದು ಒಳ್ಳೆಯ ಮಾತು ಸೇರಿಸಲು ಬಿಡಿ. 2021ರ ಮಾರ್ಚ್‌ನಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಕ್ವಾರಂಟೈನ್, ವೈದ್ಯಕೀಯ ತಪಾಸಣೆ, ಮತ್ತು ಹಕ್ಕು ಹಾಗೂ ಹೊಣೆಗಳನ್ನು ಕಾರ್ಮಿಕರ ಭಾಷೆಯಲ್ಲೇ ತಿಳಿಸುವ ತರಬೇತಿ, ಇವೆಲ್ಲ ಒಂದೇ ಆವರಣದಲ್ಲಿ ಮುಗಿಯುತ್ತಿದ್ದವು. ಸಂಬಳದ ಚೀಟಿಯನ್ನು ಕೇಳಿ ಪಡೆಯಬೇಕೆಂದು ಮೊದಲ ದಿನವೇ ತಿಳಿದುಕೊಂಡು ಬಂದವರನ್ನು ನಾನು ಆಗ ಕಂಡೆ.

ತುಂಗಾತೀರ

ಇಷ್ಟು ನೇರವಾಗಿ ಬರೆದದ್ದಕ್ಕೆ ಧನ್ಯವಾದ, ಮಂಚದಲೆಕ್ಕ ಅವರೇ.

ಸಂಬಳದ ಚೀಟಿಯ ಮಾತು ಬಂದದ್ದರಿಂದ ಕಾಳಿನದಿ ಅವರಿಗೆ ಒಂದು ಪ್ರಶ್ನೆ. ಪರ್ಮಿಟ್ ರದ್ದಾದಾಗ ನಿಮಗೆ ಬರಬೇಕಿದ್ದ ಬಾಕಿ ಬಂತೇ? ಅಲ್ಲಿ ಕೆಲಸ ಬಿಟ್ಟವರು ಸಂಬಳದ ದೂರು ಕೊಡಲು ಕೊನೆಯ ದಿನದಿಂದ ಆರು ತಿಂಗಳ ಗಡುವು. ಗಡಿ ಮುಚ್ಚಿದ ತಿಂಗಳುಗಳಲ್ಲೂ ಆ ಗಡುವು ಓಡುತ್ತಲೇ ಇತ್ತು ಎಂಬುದು ನನ್ನನ್ನು ಬಹಳ ಕಾಡಿದ ವಿಷಯ.

ಪುದುಕ್ಕೋಟ್ಟೈಯವರ ಬಗ್ಗೆ ಕೇಳಿ ನನಗೆ ಸಂದೇಶ ಕಳಿಸಿದವರಿಗೆ ಇಲ್ಲೇ ಹೇಳುತ್ತೇನೆ. ಅವರು ಹೊರಟದ್ದು 2022ರ ಜೂನ್‌ನಲ್ಲಿ. ಹಿಂದಿನ ರಾತ್ರಿ ಪೆಟ್ಟಿಗೆ ಬಿಚ್ಚಿದಾಗ ನಾನೂ ಇದ್ದೆ. ಚಾಕೊಲೇಟು ಬಿಳಿಚಿಕೊಂಡಿತ್ತು, ಟಾರ್ಚಿನ ಸೆಲ್ಲು ಸೋರಿ ಒಳಗೆಲ್ಲ ತುಕ್ಕು ಹಿಡಿದಿತ್ತು. ಟಾರ್ಚು ಯಾರಿಗೆಂದು ತಂದಿದ್ದರೋ ಆ ತಂದೆ ಹಿಂದಿನ ವರ್ಷವೇ ಇಲ್ಲವಾಗಿದ್ದರು. ಎಣ್ಣೆಯ ಸೀಸೆಗಳು ಮಾತ್ರ ಇಟ್ಟ ಹಾಗೇ ಇದ್ದವು. ಒಂದೊಂದನ್ನೇ ಬಟ್ಟೆಯಿಂದ ಒರೆಸಿ ಹೊಸ ಪೆಟ್ಟಿಗೆಗೆ ಹಾಕಿಕೊಂಡರು. ಬಣ್ಣದ ಪೆನ್ಸಿಲ್ಲುಗಳನ್ನು ಕೈಯಲ್ಲಿ ಹಿಡಿದು, ಮಗಳು ಈಗ ಎಂಟನೇ ತರಗತಿ, ಇದು ಬೇಕಾಗುತ್ತದೋ ಇಲ್ಲವೋ ಎಂದರು. ಆಮೇಲೆ ಅವನ್ನೂ ಹಾಕಿಕೊಂಡರು.

ಕಾಳಿನದಿ_ಫಿಟ್ಟರ್

ನೀವು ಕೇಳಿದ್ದಕ್ಕೆ ಉತ್ತರ: ಬರಲಿಲ್ಲ. ಗಡುವಿನ ವಿಷಯ ನನಗೆ ತಿಳಿದದ್ದು 2022ರ ಫೆಬ್ರವರಿಯಲ್ಲಿ, ಹೊಸ ಮಾಲೀಕರ ಕಡೆಯಿಂದ ಮರಳಿ ಹೋದಾಗ, ಪುಂಗೋಲ್‌ನ ಆನ್‌ಬೋರ್ಡಿಂಗ್ ಕೇಂದ್ರದ ತರಗತಿಯಲ್ಲಿ. ಅಷ್ಟರಲ್ಲಿ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಸೂಟ್‌ಕೇಸೂ ಸಿಗಲಿಲ್ಲ.

ನೀವು ಕೇಳಿದ ದಾಖಲೆಗೆ ನನ್ನದನ್ನು ಹೀಗೆ ಸೇರಿಸಿಕೊಳ್ಳಿ. ಊರಿಗೆ ಬಂದದ್ದು 2021 ಫೆಬ್ರವರಿ. ಮರಳಿದ್ದು 2022 ಫೆಬ್ರವರಿ. ಬರಬೇಕಿದ್ದದ್ದು ಹನ್ನೊಂದು ದಿನದ ಸಂಬಳ ಮತ್ತು ಬಳಸದೆ ಉಳಿದ ರಜೆಯ ಹಣ. ಬಳೆ ಬಿಡಿಸಿಕೊಂಡದ್ದು 2023ರ ದೀಪಾವಳಿಗೆ.

ಭಟ್ಕಳ_ಗಲ್ಫ್

ತಮ್ಮನನ್ನು ಕೇಳಿ ಬರೆಯುತ್ತಿದ್ದೇನೆ. ಊರಿಗೆ ಬಂದದ್ದು 2021 ಮಾರ್ಚ್, ದುಬೈಗೆ ಮರಳಿದ್ದು ಅದೇ ವರ್ಷ ಸೆಪ್ಟೆಂಬರ್. ಕೆಲಸ ಉಳಿಯಿತು, ಐದು ತಿಂಗಳ ಸಂಬಳ ಇಲ್ಲ. ಅವನ ಕೋಣೆಯಲ್ಲಿದ್ದ ಇನ್ನಿಬ್ಬರನ್ನೂ ಕೇಳಿ ನಾಳೆ ಸೇರಿಸುತ್ತೇನೆ.